ವಿಮಾನದ ಹಣೆಗೆ ಇಟ್ಟ ಗಂಧ

ನಮ್ಮ ಓರಗಿತ್ತಿಯ ಮೊಮ್ಮಗಳು ಸೌಮ್ಯ ವಿಮಾನ ರಿಪೇರಿ ಓದಲು ಸೇರಿದ್ದಾಳೆ. ಹೋದ ತಿಂಗಳು ಒಂದು ಸಂಜೆ ನಾನು ರಸಕ್ಕೆ ಹುಣಸೆಹಣ್ಣು ಕಿವುಚುತ್ತಿದ್ದಾಗ ಅಡುಗೆಮನೆಗೆ ಬಂದು ಬಾಗಿಲಿಗೆ ಒರಗಿ ನಿಂತಳು.

“ಅಜ್ಜಿ, ಇವತ್ತು ಕ್ಲಾಸಲ್ಲಿ ಒಂದು ಕಥೆ ಹೇಳಿದ್ರು. ಬಟ್ಟೆ ಹೊಲಿಯೋ ಅಮ್ಮ ಒಬ್ಬಳು ಪೂಜೆ ಅಂತ ವಿಮಾನಕ್ಕೆ ಸಂದನ ಮೆತ್ತಿ ಪೆಟ್ರೋಲ್ ಟ್ಯಾಂಕಿನ ತೂತು ಮುಚ್ಚಿಬಿಟ್ಟಳಂತೆ. ವಿಮಾನ ಹೊಲದಲ್ಲಿ ಬಿತ್ತಂತೆ. ನೀವು ವೇಲೆ ಮಾಡಿದ ಜಾಗನೇ ಅಂತೆ. ನಿಮ್ಮ ಕಾಲದಲ್ಲಾ ಅದು?”

“ಎಲ್ಲಾರೂ ಏನ್ ಮಾಡಿದ್ರು?”

“ನಕ್ಕರು.”

“ನೀನು?”

“ಎಲ್ಲಾರೂ ನಗುವಾಗ... ಆಮಾ ಅಜ್ಜಿ, ನಾನೂ ನಕ್ಕೆ.”

“ಆ ಅಮ್ಮ ನಾನೇ ಕಣೆ. ಮೆತ್ತಿದ್ದು ಮಾತ್ರ ನಾನಲ್ಲ,” ಎಂದೆ.

ಹುಡುಗಿಯ ಮುಖ ಸಣ್ಣದಾಯಿತು. “ಮತ್ತೆ ಯಾರಿಗೂ ಯಾಕೆ ಹೇಳಲಿಲ್ಲ?” ಎಂದಳು. ಹೇಳಿದೆ, ಕೇಳುವವರು ಇರಲಿಲ್ಲ ಎಂದೆ. ಅವಳು ನಂಬಿದಳೋ ಅಜ್ಜಿಯ ಮನಸ್ಸು ನೋಯಬಾರದು ಎಂದು ತಲೆಯಾಡಿಸಿದಳೋ ನನಗೆ ತಿಳಿಯಲಿಲ್ಲ. ಅದಕ್ಕೇ ಇದನ್ನು ಬರೆಯಲು ಕುಳಿತಿದ್ದೇನೆ. ಅವಳಿಗೆ ಕನ್ನಡ ಅಕ್ಷರ ಬಾರದು, ಇಲ್ಲಿನ ನಮ್ಮ ಮಕ್ಕಳಿಗೆ ಯಾರಿಗೂ ಬಾರದು. ಮಾತು ಮನೆಯೊಳಗೆ ಇದೆ, ಅದೂ ಗಂಧಕ್ಕೆ ಸಂದನ, ಕೆಲಸಕ್ಕೆ ವೇಲೆ, ಹೌದು ಎನ್ನಲು ಆಮಾ ಎಂದು ತಮಿಳು ಬೆರೆತ ಮಾತು; ಅಕ್ಷರ ಹೊಸಿಲು ದಾಟಿ ಬರಲಿಲ್ಲ. ಬರೆದಾದ ಮೇಲೆ ಅವಳನ್ನು ಕೂರಿಸಿಕೊಂಡು ನಾನೇ ಓದಿ ಹೇಳುತ್ತೇನೆ. ಈ ಕೆಲಸಕ್ಕೆ ಹೊಸದಾಗಿ ಸೇರುವ ಬೇರೆ ಹೆಣ್ಣುಮಕ್ಕಳು ಓದಿದರೂ ಒಳ್ಳೆಯದೇ.

ನಾನು ಹುಟ್ಟಿದ್ದು ಕೊಳ್ಳೇಗಾಲದ ಕಡೆ, ಓದು ಬರಹ ಕಲಿತದ್ದೂ ಅಲ್ಲೇ. ಮದುವೆಯಾಗಿ ಬಂದದ್ದು ತಮಿಳು ಸೀಮೆಯ ಈ ಸಿಂಗಾನಲ್ಲೂರಿಗೆ. ತವರಿನಲ್ಲೂ ಮಗ್ಗ, ಅತ್ತೆಮನೆಯಲ್ಲೂ ಮಗ್ಗ. ನಮ್ಮವರು ಮಾತ್ರ ಮಗ್ಗ ಬಿಟ್ಟು ಮಿಲ್ಲಿಗೆ ಹೋದರು, ಆಮೇಲೆ ಮಿಲ್ಲು ಅವರನ್ನು ಬಿಟ್ಟಿತು. ಆಗ ನಾನು ಮನೆಯಲ್ಲಿ ರವಿಕೆ ಹೊಲಿಯುತ್ತಿದ್ದೆ, ಹರಿದ ಸೀರೆಗೆ ನೂಲು ತುಂಬಿ ಹರುಕು ಕಾಣದಂತೆ ಮಾಡಿಕೊಡುತ್ತಿದ್ದೆ. ಕರುಮತ್ತಂಪಟ್ಟಿಯ ಆಚೆ ವಿಮಾನ ಓಡಿಸಲು ಕಲಿಸುವ ಒಂದು ಶಾಲೆ ಇತ್ತು. ಅಲ್ಲಿನ ಶೆಡ್ಡಿನಲ್ಲಿ ಕೈಹೊಲಿಗೆ ಬಲ್ಲ ಹೆಂಗಸು ಬೇಕು ಎಂದು ಯಾರೋ ಹೇಳಿದರು. ಸೀಟಿನ ಕವರು ಹೊಲಿಯಲು ಇರಬೇಕು ಎಂದುಕೊಂಡು ಹೋದೆ.

ಶೆಡ್ಡಿನೊಳಗೆ ಒಂದು ರೆಕ್ಕೆಯನ್ನು ಮರದ ಕಾಲುಗಳ ಮೇಲೆ ಇಟ್ಟಿದ್ದರು. ಬಟ್ಟೆ ಹೋದ ಕೊಡೆಯ ಹಾಗೆ ಕಡ್ಡಿ ಕಡ್ಡಿ. ಉದ್ದಕ್ಕೆ ಎರಡು ದಪ್ಪ ಮರದ ದಿಮ್ಮಿ, ಅವುಗಳಿಗೆ ಅಡ್ಡಲಾಗಿ ಪಕ್ಕೆಲುಬಿನ ಹಾಗೆ ತೆಳ್ಳನೆ ಪಟ್ಟಿಗಳು. ಇದಕ್ಕೆ ಬಟ್ಟೆ ಹೊದಿಸಿ, ಪ್ರತಿ ಪಕ್ಕೆಲುಬಿಗೂ ಉದ್ದ ಸೂಜಿಯಿಂದ ಬಿಗಿದು ಹೊಲಿದು, ಮೇಲೆ ಘಾಟು ಮದ್ದು ಬಳಿದರೆ ಬಟ್ಟೆ ತಮಟೆಯ ಚರ್ಮದ ಹಾಗೆ ಬಿಗಿಯುತ್ತದೆ. ಅದೇ ವಿಮಾನದ ರೆಕ್ಕೆ. ನಾನು ಬೆರಗಾಗಿ ನಿಂತದ್ದನ್ನು ನೋಡಿ ಎಣ್ಣೆ ಕೈ ಒರೆಸಿಕೊಳ್ಳುತ್ತಾ ಒಬ್ಬರು ಬಂದರು. ಮೆಕ್ಯಾನಿಕ್ ರಂಗಸಾಮಿ. ನನ್ನ ಕೈಚೀಲದಲ್ಲಿದ್ದ ದೇವಿಯ ಪಟದ ಕೆಳಗಿನ ಕನ್ನಡ ಅಕ್ಷರ ನೋಡಿ ಅವರ ಮುಖ ಅರಳಿತು.

“ಓ, ನೀವೂ ನಮ್ಮೋರಾ? ನಾವು ಅವಿನಾಶಿ ಪಕ್ಕ, ತೋಟ ಮಾಡೋರು. ಮನೇಲಿ ಇದೇ ಮಾತು. ಏನ್ ಅಮ್ಮಿಣಿ ಹಂಗೆ ನೋಡ್ತೀರಾ?” ಅಮ್ಮಿಣಿ ಎಂದರೆ ಈ ಕಡೆ ಹೆಂಗಸರನ್ನು ಅಕ್ಕರೆಯಿಂದ ಕರೆಯುವ ಮಾತು.

“ಮೇಲೆ ಹೋಗೋದು ಕಬ್ಬಿಣ ಅಂದುಕೊಂಡಿದ್ದೆ ಅಣ್ಣಾ.”

“ಕಬ್ಬಿಣ ಎದೇಲಿ ಮಾತ್ರ. ಮಿಕ್ಕಿದ್ದೆಲ್ಲಾ ನಿಮ್ಮ ಮಗ್ಗನೇ. ಬಾಂಗ, ತೋರಿಸ್ತೀನಿ.”

ಅಂದು ಅವರು ತೋರಿಸಿದ್ದನ್ನು ಇಂದು ಕಣ್ಣು ಮುಚ್ಚಿ ಹೇಳಬಲ್ಲೆ. ಒಬ್ಬರ ಹಿಂದೆ ಒಬ್ಬರು ಕೂರುವ ಪುಟ್ಟ ವಿಮಾನ. ಮೈಗೆ ಉಕ್ಕಿನ ಕೊಳವೆಗಳನ್ನು ಬೆಸೆದ ಗೂಡು, ಅದರ ಮೇಲೆ ಬಟ್ಟೆ. ಕಾಲ ಹತ್ತಿರದ ಹಲಗೆ ಒತ್ತಿದರೆ ತಂತಿ ಎಳೆಯುತ್ತದೆ, ತಂತಿ ಗಾಲಿಯ ಮೇಲೆ ಓಡಿ ಹಿಂದೆ ಬಾಲವನ್ನು ತಿರುಗಿಸುತ್ತದೆ. ಮಾವನವರ ಮಗ್ಗದಲ್ಲಿ ಕಾಲು ಒತ್ತಿದರೆ ನೂಲು ಮೇಲೇಳುವ ಹಾಗೆಯೇ. ತಂತಿ ಸಡಿಲವಾದರೆ ಬಾಲ ಮಾತು ಕೇಳುವುದಿಲ್ಲ, ಅತಿಯಾಗಿ ಬಿಗಿದರೆ ಗಾಲಿ ಸವೆಯುತ್ತದೆ. ಎಂಜಿನ್ನಿನ ಪ್ರತಿ ಸಿಲಿಂಡರಿಗೂ ಕಿಡಿ ಕೊಡಲು ಎರಡೆರಡು ಪ್ಲಗ್ಗು; ದೇವರ ಮುಂದೆ ಜೋಡಿ ದೀಪ ಇಡುತ್ತೇವಲ್ಲ, ಒಂದು ಆರಿದರೂ ಕತ್ತಲಾಗಬಾರದು ಎಂದು, ಹಾಗೆ. ಪೆಟ್ರೋಲ್ ಟ್ಯಾಂಕು ಎಂಜಿನ್ನಿನ ಹಿಂದೆ, ಓಡಿಸುವವರ ಕಣ್ಣೆದುರಿನ ಗಾಜಿಗೆ ಮುಂದೆ. ಅದಕ್ಕೆ ಪಂಪು ಕೂಡ ಇಲ್ಲ, ಪೆಟ್ರೋಲು ತಾನಾಗಿ ಕೆಳಗಿಳಿದು ಎಂಜಿನ್ನಿಗೆ ಹೋಗಬೇಕು. ಟ್ಯಾಂಕಿನ ಮುಚ್ಚಳ ಹೊರಗೆ, ಸರಿಯಾಗಿ ಗಾಜಿನ ಮುಂದೆ ನಡುಮಧ್ಯದಲ್ಲಿ ಇರುತ್ತದೆ. ಅದರಿಂದ ಒಂದು ಕಂಬಿ ಮೇಲಕ್ಕೆ ಬಂದಿರುತ್ತದೆ, ಒಳಗೆ ಅದರ ತುದಿಗೆ ಬೆಂಡು. ಪೆಟ್ರೋಲು ಇಳಿದಂತೆ ಕಂಬಿ ಇಳಿಯುತ್ತದೆ. ಪಕ್ಕದಲ್ಲಿ ಗುಂಡುಸೂಜಿ ತೂರುವಷ್ಟು ಒಂದು ತೂತು.

“ಈ ತೂತು ಯಾಕೆ ಹೇಳಿ ನೋಡುವಾ?” ಎಂದರು ರಂಗಸಾಮಿಯಣ್ಣ. “ಮನೇಲಿ ಎಣ್ಣೆ ಟಿನ್ನಿಗೆ ಒಂದೇ ತೂತು ಮಾಡ್ತೀರಾ, ಎರಡಾ?”

“ಎರಡು. ಒಂದೇ ಆದ್ರೆ ಗಳಗಳ ಅಂತ ನಿಂತು ನಿಂತು ಬರ್ತದೆ, ಆಮೇಲೆ ಬರೋದೇ ಇಲ್ಲ.”

“ಅಷ್ಟೇ. ಇದು ಆ ಎರಡನೇ ತೂತು. ಗಾಳಿ ಒಳಗೆ ಬಂದ್ರೆ ತಾನೇ ಪೆಟ್ರೋಲ್ ಕೆಳಗೆ ಹೋಗೋದು!”

ಶುರುವಿನಲ್ಲಿ ನನ್ನ ಕೈ ಮಾಡಿದ ಎಡವಟ್ಟಿಗೆ ಕಾರಣ ನನ್ನ ಕಸುಬೇ. ರೆಕ್ಕೆಯ ಅಡಿಯಲ್ಲಿ, ಒಳಗೆ ಸೇರಿದ ನೀರು ಇಳಿದುಹೋಗಲಿ ಎಂದು ಸಣ್ಣ ಸಣ್ಣ ತೂತು ಬಿಟ್ಟಿರುತ್ತಾರೆ. ನೇಕಾರರ ಮನೆಯ ಹೆಂಗಸಿಗೆ ಬಟ್ಟೆಯಲ್ಲಿ ತೂತು ಕಂಡರೆ ಕೈ ಸುಮ್ಮನಿರುತ್ತದೆಯೇ? ಎಲ್ಲರೂ ಊಟಕ್ಕೆ ಹೋಗಿದ್ದಾಗ ನೂಲು ತುಂಬಿ, ಇತ್ತೆಂಬ ಗುರುತೇ ಇಲ್ಲದಂತೆ ಎಲ್ಲವನ್ನೂ ಮುಚ್ಚಿ ಕುಳಿತಿದ್ದೆ. ರಂಗಸಾಮಿಯಣ್ಣ ಬಂದು ರೆಕ್ಕೆಯ ಅಡಿ ಸವರಿ ನೋಡಿದರು, ಮತ್ತೆ ಸವರಿದರು.

“ತೂತೆಲ್ಲಾ ಎಲ್ಲಿ ಅಮ್ಮಿಣಿ?”

“ಸರಿ ಮಾಡಿದೆ ಅಣ್ಣಾ,” ಎಂದೆ ಹೆಮ್ಮೆಯಿಂದ.

ಹೊಟ್ಟೆ ಹಿಡಿದುಕೊಂಡು ನಕ್ಕರು. ಕಾಯಿಸಿದ ದಬ್ಬಳ ತಂದು ಯಾರಿಗೂ ಗೊತ್ತಾಗುವ ಮೊದಲೇ ಎಲ್ಲವನ್ನೂ ತೆರೆದರು. “ವಿಮಾನದಲ್ಲಿ ತೂತು ಅಂದ್ರೆ ಹರುಕು ಇಲ್ಲ. ಬೇಕು ಅಂತಾನೇ ಬಿಟ್ಟಿರ್ತಾರೆ. ಹೋಗಿ, ಯಾರಿಗೂ ಹೇಳಲ್ಲ,” ಎಂದರು. ಹೇಳಲೂ ಇಲ್ಲ. ಅಂದಿನಿಂದ ಮನೆಯಲ್ಲಿ ದೀಪ ಹಚ್ಚುವಾಗ ನನ್ನ ಮಕ್ಕಳ ಹೆಸರಿನ ಜೊತೆ ಅವರ ಹೆಸರನ್ನೂ ಹೇಳಿ ಚೌಡೇಶ್ವರಿ ತಾಯಿಗೆ ಕೈ ಮುಗಿಯುತ್ತಿದ್ದೆ. ಈಗ ಮುಗಿಯುವುದಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಬಾಯಿಗೆ ಅಭ್ಯಾಸವಾಗಿಬಿಟ್ಟಿದೆ, ಹೆಸರು ಬಂದುಬಿಡುತ್ತದೆ.

ಕೆಲಸ ಹೇಗಿತ್ತು ಎಂದು ಕೇಳುವವರಿಗೆ ಹೇಳುತ್ತೇನೆ. ಆ ಘಾಟು ಮದ್ದಿಗೆ ಡೋಪು ಎನ್ನುತ್ತಿದ್ದರು. ಅದರ ವಾಸನೆ ತಲೆಗೆ ಏರಿ ಸಂಜೆ ಬಸ್ಸಿನಲ್ಲಿ ಕಣ್ಣು ಕತ್ತಲೆ ಬರುತ್ತಿತ್ತು. ಮೂಗಿಗೆ ಕಟ್ಟಿಕೊಳ್ಳಲು ಸೀರೆಯ ಸೆರಗು, ಅಷ್ಟೇ. ಮನೆಗೆ ಬಂದು ಕರ್ಪೂರ ಹಚ್ಚಿದರೆ ಕರ್ಪೂರದ ವಾಸನೆಯೂ ಗೊತ್ತಾಗುತ್ತಿರಲಿಲ್ಲ. ಇಷ್ಟಾದರೂ ಹೊಸ ಬಟ್ಟೆ ತೊಟ್ಟ ವಿಮಾನ ಮೊದಲ ಸಲ ನೆಲ ಬಿಡುವಾಗ ಶೆಡ್ಡಿನ ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ನನ್ನ ಹೊಲಿಗೆ ಆಕಾಶದಲ್ಲಿ ಹೋಗುತ್ತಿದೆ ಎಂದು ನಮ್ಮ ಬೀದಿಯಲ್ಲಿ ಇನ್ಯಾವ ಹೆಂಗಸು ಹೇಳಿಕೊಳ್ಳಬಲ್ಲಳು? ಅದೊಂದು ಸುಖ ತಾಯಿ ಕೊಟ್ಟಿದ್ದಳು.

ಆಯುಧ ಪೂಜೆಯ ಕೆಲಸ ವರ್ಷ ವರ್ಷವೂ ನನ್ನದೇ. ನಮ್ಮ ಮಗ್ಗದ ಮನೆಗಳಲ್ಲಿ ಒಂದು ಕಟ್ಟಳೆ ಉಂಟು. ಪೂಜೆಯ ದಿನ ಗಂಧ ಕುಂಕುಮವನ್ನು ಮರದ ಕಂಬಕ್ಕೆ ಇಡುತ್ತೇವೆ, ನೂಲಿಗೆ ಇಡುವುದಿಲ್ಲ. ನೂಲಿಗೆ ಇಟ್ಟರೆ ಕಲೆಯಾಗಿ ಸೀರೆ ಕೆಡುತ್ತದೆ. ಕಂಬಕ್ಕೂ ನೇರವಾಗಿ ಇಡದೆ ಒಂದು ಬಟ್ಟೆಚೂರು ಕಟ್ಟಿ ಅದಕ್ಕೆ ಬೊಟ್ಟು ಇಡುವವರೂ ಇದ್ದಾರೆ. ವಿಮಾನಕ್ಕೂ ನಾನು ಹಾಗೆಯೇ ಮಾಡುತ್ತಿದ್ದೆ. ಗಾಲಿಗೆ ಒಂದು ಬೊಟ್ಟು, ರೆಕ್ಕೆಯ ಕೆಳಗಿನ ಕಂಬಕ್ಕೆ ಬಟ್ಟೆಚೂರು ಕಟ್ಟಿ ಅದಕ್ಕೊಂದು ಬೊಟ್ಟು. ಅಷ್ಟಕ್ಕೇ ಮುಗಿಯಿತು. ಸಂಜೆ ಬಟ್ಟೆಚೂರು ಬಿಚ್ಚಿ ಮನೆಗೆ ತಂದು ತುಳಸಿ ಬುಡಕ್ಕೆ ಹಾಕುತ್ತಿದ್ದೆ.

ನಿವೇದಾಳ ವಿಷಯ ಈಗ ಹೇಳಬೇಕು. ತಿರುಪ್ಪೂರಿನ ಹುಡುಗಿ, ಅಪ್ಪನದು ಬನಿಯನ್ ಕಂಪನಿ. ಓಡಿಸಲು ಕಲಿಯಲು ಬಂದಿದ್ದಳು. ಬಾಯಿ ಹೆಚ್ಚು, ಹಸಿವು ಅದಕ್ಕಿಂತ ಹೆಚ್ಚು. ಮಧ್ಯಾಹ್ನ ನನ್ನ ಡಬ್ಬಿಯ ಪಕ್ಕ ಬಂದು ಕೂರುತ್ತಿದ್ದಳು. “ರಾಜಮ್ಮಕ್ಕಾ, ನಮ್ಮ ಹಾಸ್ಟೆಲ್ ಸಾಂಬಾರನ್ನ ನಿಮ್ಮ ಡೋಪಿನ ಬದಲು ರೆಕ್ಕೆಗೆ ಬಳಿಯಬಹುದು, ಹಾಗೇ ಅಂಟ್ಕೊಳ್ತದೆ,” ಎನ್ನುತ್ತಾ ನನ್ನ ಮೊಸರನ್ನ ಮುಗಿಸುತ್ತಿದ್ದಳು. ತಮಿಳಿನಲ್ಲೇ ಮಾತು, ನಾನಿಲ್ಲಿ ನಮ್ಮ ಮಾತಿಗೆ ತಿರುಗಿಸಿ ಬರೆಯುತ್ತಿದ್ದೇನೆ.

ಆ ವರ್ಷ ಹೊಸ ಮ್ಯಾನೇಜರ್ ಬಂದಿದ್ದರು. ಪೂಜೆಗೆ ಆರ್.ಎಸ್. ಪುರಂನಿಂದ ತಮ್ಮ ತಾಯಿಯನ್ನೂ ನೆಂಟರನ್ನೂ ಕರೆತಂದರು. ಆ ತಾಯಿ ದೈವಭಕ್ತೆ, ಕೆಟ್ಟವರೆಂದು ನಾನು ಎಂದೂ ಹೇಳುವುದಿಲ್ಲ. ನಾನು ಗಾಲಿಗೆ ಬೊಟ್ಟು ಇಡುವುದನ್ನು ಕಂಡು ತಡೆದರು.

“ಏನಮ್ಮಾ ಇದು, ಕಾಲಿಗೆ ಇಟ್ಟು ಬಿಟ್ಟುಬಿಡ್ತೀಯಾ? ಹಣೆಗೆ ಇಡಬೇಡವೇ?”

“ಇದಕ್ಕೆ ಹೀಗೇ ಅಮ್ಮಾ, ಇಲ್ಲಿ ವಾಡಿಕೆ,” ಎಂದೆ.

ಮ್ಯಾನೇಜರ್ ಸಾರ್ ನನ್ನ ಕೈಯಿಂದ ಗಂಧದ ಬಟ್ಟಲು ತೆಗೆದುಕೊಂಡರು. “ನೀನು ಹೋಗಿ ಪೊರಿ ಕಡಲೆ ಪೊಟ್ಟಣ ಕಟ್ಟು. ಅಮ್ಮ ನೋಡ್ಕೋತಾರೆ.”

ಹಿಂದಿನ ಕೋಣೆಗೆ ಹೋಗಿ ಪೊರಿಯ, ಅಂದರೆ ಮಂಡಕ್ಕಿಯ, ಪೊಟ್ಟಣ ಕಟ್ಟಿ ತಟ್ಟೆ ಹಿಡಿದು ಬರುವಷ್ಟರಲ್ಲಿ ಆ ತಾಯಿ ಸ್ಟೂಲಿನಿಂದ ಇಳಿಯುತ್ತಿದ್ದರು. ಅವರ ಮೊಣಕೈ ಹಿಡಿದು ಇಳಿಸುತ್ತಿದ್ದವರು ರಂಗಸಾಮಿಯಣ್ಣ. ಗಾಜಿನ ಮುಂದೆ ನಡುಮಧ್ಯದಲ್ಲಿ, ಟ್ಯಾಂಕಿನ ಮುಚ್ಚಳದ ಮೇಲೆ, ಹೆಬ್ಬೆರಳಿನಿಂದ ಒತ್ತಿ ಇಟ್ಟ ಗಟ್ಟಿ ಗಂಧ. ಅದರ ಮೇಲೆ ಕುಂಕುಮ. ವಿಮಾನಕ್ಕೆ ಹಣೆ ಎಂಬುದಿದ್ದರೆ ಅದು ಅಲ್ಲೇ ಇರಬೇಕು, ಅದನ್ನು ನಾನೂ ಒಪ್ಪುತ್ತೇನೆ. ನೋಡಲು ಲಕ್ಷಣವಾಗಿಯೇ ಇತ್ತು.

ನೆಂಟರು ಫೋಟೋ ತೆಗೆಯುತ್ತಿದ್ದಾಗ ನಾನು ರಂಗಸಾಮಿಯಣ್ಣನ ಹತ್ತಿರ ಹೋಗಿ ಮೆಲ್ಲಗೆ ಹೇಳಿದೆ.

“ಅಣ್ಣಾ, ಎರಡನೇ ತೂತಿನ ಮೇಲೆ ಇಟ್ಬಿಟ್ಟವ್ರೆ.”

“ನೋಡಿದೆ ಅಮ್ಮಿಣಿ.”

“ಒರೆಸಿಬಿಡಿ.”

“ಅವರ ಕಣ್ಣೆದುರಿಗೇ ಹೆಂಗೆ ಒರೆಸೋದು? ದೊಡ್ಡೋರು, ಮನಸ್ಸು ನೋಯ್ತದೆ. ಸಾರಿಗೂ ಕೋಪ ಬರ್ತದೆ. ನಾಳೆ ಹಾರೋಕೆ ಮುಂಚೆ ನಾನೇ ಎಲ್ಲಾ ನೋಡ್ತೀನಲ್ಲಾ, ಆಗ ಒರೆಸ್ತೀನಿ. ನೀವು ಪೊರಿ ಕೊಡಿ.”

ನೀವೇ ಒರೆಸಬಹುದಿತ್ತಲ್ಲ ಎಂದು ಸೌಮ್ಯ ಕೇಳಿಯೇ ಕೇಳುತ್ತಾಳೆ. ಅಲ್ಲಿ ಬಟ್ಟೆ ನನ್ನದು, ಎಂಜಿನ್ನು ಟ್ಯಾಂಕು ಅವರದು. ಅವರ ಕೆಲಸಕ್ಕೆ ನಾನು ಕೈ ಹಾಕುವಂತಿರಲಿಲ್ಲ, ನನ್ನ ಹೊಲಿಗೆಗೆ ಅವರು ಕೈ ಹಾಕುತ್ತಿರಲಿಲ್ಲ. ಅದು ಒಳ್ಳೆಯ ಕಟ್ಟಳೆಯೇ. ಅಷ್ಟಲ್ಲದೆ, ಒರೆಸುತ್ತೇನೆ ಎಂದವರು ರಂಗಸಾಮಿಯಣ್ಣ. ನನಗೆ ಆ ತೂತಿನ ಮಾತು ಕಲಿಸಿದವರೇ ಅವರು. ನಾನು ನೆಮ್ಮದಿಯಾಗಿ ಮನೆಗೆ ಹೋಗಿ ನಿದ್ದೆ ಮಾಡಿದೆ.

ಮರುದಿನ ಬೆಳಿಗ್ಗೆ ನಾನು ಬಸ್ಸಿಳಿದು ಬರುವಾಗ ನಿವೇದಾ ಒಬ್ಬಳೇ ವಿಮಾನ ತೆಗೆದುಕೊಂಡು ಹೋಗಿಯಾಗಿತ್ತು. ನಾನು ಸೂಜಿಗೆ ದಾರ ಪೋಣಿಸುತ್ತಿದ್ದೆ. ಎಂಜಿನ್ನಿನ ಸದ್ದು ದೂರದಲ್ಲಿ ಬರುತ್ತಿತ್ತು, ಬಿಕ್ಕಿತು, ಮತ್ತೆ ಬಂತು, ನಿಂತಿತು. ಶೆಡ್ಡಿನಲ್ಲಿ ಯಾರೂ ಅಲುಗಾಡಲಿಲ್ಲ. ರಂಗಸಾಮಿಯಣ್ಣನ ಕೈಯಲ್ಲಿದ್ದ ಟೀ ಲೋಟ ಹಾಗೇ ನಿಂತಿತು. ಅವರು ನನ್ನ ಕಡೆ ನೋಡಿದರು. ಆ ನೋಟದಿಂದಲೇ ನನಗೆ ಗೊತ್ತಾಯಿತು, ಅವರು ಒರೆಸಿರಲಿಲ್ಲ.

ಹುಡುಗಿ ಜಾಣೆ. ಮೆಕ್ಕೆಜೋಳದ ಹೊಲ ನೋಡಿ ಇಳಿಸಿದಳು. ಗಾಲಿ ಹೊಲದ ಬದುವಿಗೆ ತಾಗಿ ವಿಮಾನ ಮೂಗು ಊರಿ ನಿಂತಿತು. ರೆಕ್ಕೆಯ ಬಟ್ಟೆ ಜೋಳದ ದಂಟುಗಳಿಗೆ ಸಿಕ್ಕಿ ಚಿಂದಿಯಾಗಿತ್ತು. ಎಷ್ಟೋ ವಾರಗಳ ನನ್ನ ಹೊಲಿಗೆ. ಅವಳ ಮುಂದಿನ ಹಲ್ಲು ಮುರಿದು, ಕೈ ಮುರಿದು, ಜೀವ ಉಳಿಯಿತು. ಚೌಡೇಶ್ವರಿ ತಾಯಿ ಅಂದು ಅವಳನ್ನು ಮಡಿಲಲ್ಲಿ ಹಿಡಿದುಕೊಂಡಳು. ನನ್ನ ಮೇಲೆ ಕಣ್ಣಿಡಲು ತಾಯಿಗೆ ಹೊತ್ತು ಸಿಗಲಿಲ್ಲ, ಇರಲಿ. ಎರಡರಲ್ಲಿ ಒಂದೇ ಎಂದಿದ್ದರೆ ನಾನೂ ಆ ಹುಡುಗಿಯನ್ನೇ ಕೇಳುತ್ತಿದ್ದೆ.

ಹೊರಗಿನಿಂದ ಆಫೀಸರು ಬಂದು ವಿಚಾರಿಸಿದರು. ಮುಚ್ಚಳದ ತೂತಿನಲ್ಲಿ ಗಂಧ ಒಣಗಿ ಗಾರೆಯ ಹಾಗೆ ಕೂತಿತ್ತು. ಕಂಬಿಯೂ ಗಂಧಕ್ಕೆ ಅಂಟಿ, ಪೆಟ್ರೋಲು ತುಂಬಿದೆ ಎಂದೇ ತೋರಿಸುತ್ತಿತ್ತು. ನನ್ನನ್ನು ಒಳಗೆ ಕರೆದರು. ಮ್ಯಾನೇಜರೂ ರಂಗಸಾಮಿಯಣ್ಣನೂ ಅಲ್ಲೇ ಇದ್ದರು.

“ಪ್ರತಿ ವರ್ಷ ಪೂಜೆ ಮಾಡೋದು ಯಾರು?”

“ನಾನು ಸಾರ್.”

“ಗಂಧ ಕಲಸಿದ್ದು?”

“ನಾನೇ.”

“ಹಾಗಾದ್ರೆ ಇಟ್ಟಿದ್ದು?”

“ಮ್ಯಾನೇಜರ್ ಸಾರ್ ಅವರ ತಾಯಿ.”

ಮ್ಯಾನೇಜರ್ ಕುರ್ಚಿಯಲ್ಲಿ ಹಿಂದಕ್ಕೆ ಒರಗಿದರು. “ನಮ್ಮ ತಾಯಿಗೆ ಮಂಡಿ ನೋವು. ಮನೇಲಿ ಮೆಟ್ಟಿಲು ಹತ್ತೋದೇ ಕಷ್ಟ. ಅಷ್ಟು ಎತ್ತರಕ್ಕೆ ಅವರ ಕೈ ಹೋಗ್ತದಾ? ತಪ್ಪು ಮಾಡಿ ವಯಸ್ಸಾದೋರ ಮೇಲೆ ಹಾಕ್ತಿದೀಯಲ್ಲಮ್ಮಾ, ದೇವರಿಗೆ ಹೆದರೋಳು ನೀನು!”

“ಸ್ಟೂಲ್ ಹಾಕಿ ಹತ್ತಿಸಿದ್ರು ಸಾರ್. ರಂಗಸಾಮಿಯಣ್ಣ ಕೈ ಹಿಡಿದಿದ್ರು. ಕೇಳಿ.”

ಆಫೀಸರು ಕೇಳಿದರು. ರಂಗಸಾಮಿಯಣ್ಣ ತಮ್ಮ ಬೂಟಿನ ತುದಿ ನೋಡುತ್ತಾ ನಿಂತಿದ್ದರು. ಆ ಬೆಳಿಗ್ಗೆ ವಿಮಾನ ನೋಡಿ ಸರಿಯಿದೆ ಎಂದು ಸೈನು ಹಾಕಿದವರು ಅವರು. ನಿಜ ಹೇಳಿದರೆ ಮ್ಯಾನೇಜರ ಕೋಪವೂ ತಪ್ಪದು, ತಮ್ಮ ಕೆಲಸವೂ ಉಳಿಯದು. ಅವರಿಗೂ ಹೆಂಡತಿ ಮಕ್ಕಳು. ಇದನ್ನೆಲ್ಲ ನಾನು ಆಮೇಲೆ ಎಷ್ಟೋ ಸಲ ಅವರ ಪರವಾಗಿ ವಾದ ಮಾಡಿ ನೋಡಿದ್ದೇನೆ. ಒಮ್ಮೆಯೂ ಗೆದ್ದಿಲ್ಲ.

“ನಾನು ಗಮನಿಸಲಿಲ್ಲ ಸಾರ್. ಪೂಜೆ ವಿಷಯ ಎಲ್ಲಾ ಆ ಅಮ್ಮನೇ ನೋಡ್ಕೊಳ್ಳೋದು,” ಎಂದರು. ತಮಿಳಿನಲ್ಲಿ ಹೇಳಿದರು. ನನಗೆ ಕೇಳುವಂತೆ ನಮ್ಮ ಮಾತಿನಲ್ಲಿ ಏನೂ ಹೇಳಲಿಲ್ಲ.

ನಿವೇದಾಳನ್ನು ನೋಡಲು ಆಸ್ಪತ್ರೆಗೆ ಹೋದೆ. ಅವಳ ಅಮ್ಮ ನನ್ನನ್ನು ಬಾಗಿಲಲ್ಲೇ ನಿಲ್ಲಿಸಿದರು. ಮಂಚದಿಂದಲೇ ಹುಡುಗಿ ಕೂಗಿದಳು, “ಅಮ್ಮಾ, ಬಿಡು ಅವರನ್ನ!”

ಮೊಸರನ್ನ ತಂದಿದ್ದೆ. ಮುರಿದ ಹಲ್ಲಿನ ಬಾಯಿಯಲ್ಲಿ ಮೆಲ್ಲಗೆ ತಿಂದಳು. ಆಮೇಲೆ ಹೇಳಿದಳು, “ನೀವಲ್ಲ ಅಂತ ನನಗೆ ಗೊತ್ತು ಅಕ್ಕಾ. ನೀವು ಗಾಲಿಗೆ ತಾನೇ ಇಡೋದು?”

ನನ್ನ ಕಣ್ಣಲ್ಲಿ ಅಲ್ಲಿಯವರೆಗೆ ಬಾರದ ನೀರು ಆಗ ಬಂತು.

“ಇನ್ನೊಂದು ಹೇಳ್ತೀನಿ, ಬೈಬೇಡಿ,” ಎಂದಳು. “ಹತ್ತೋಕೆ ಮುಂಚೆ ನಾನೂ ಅದನ್ನ ನೋಡಿದೆ. ಒರೆಸಬೇಕು ಅಂತ ಕೈ ಕೂಡ ಎತ್ತಿದೆ. ಸಾಮಿ ಸಂದನ ಅಲ್ವಾ, ಒರೆಸಿದ್ರೆ ಏನಾದ್ರೂ ಆಗ್ತದೇನೋ ಅಂತ ಬಿಟ್ಟೆ.”

ನೋಡಿ, ಅದೇ ನಮ್ಮ ಜನ. ಕಂಡವರಿಗೆಲ್ಲ ಕಂಡಿತ್ತು, ಒರೆಸಲು ಯಾರಿಗೂ ಕೈ ಬರಲಿಲ್ಲ. ಒಬ್ಬರಿಗೆ ದೊಡ್ಡವರ ಭಯ, ಒಬ್ಬಳಿಗೆ ದೇವರ ಭಯ. ಹೊಸದಾಗಿ ಸೇರುವ ಮಕ್ಕಳಿಗೆ ನಾನು ಹೇಳುವುದು ಇಷ್ಟೇ: ಬಿಡಬೇಕಾದ ತೂತಿನ ಮೇಲೆ ಏನಿದ್ದರೂ ಒರೆಸಿ. ಗಂಧವಾದರೂ ಒರೆಸಿ. ದೇವರಿಗೆ ಅದರಿಂದ ಕೋಪ ಬರುವುದಿಲ್ಲ. ಕೋಪ ಬರುವುದು ಮ್ಯಾನೇಜರಿಗೆ, ಬರಲಿ ಬಿಡಿ.

ಇದನ್ನು ಆಫೀಸರ ಮುಂದೆ ಹೇಳುತ್ತೀಯಾ ಎಂದು ನಿವೇದಾಳನ್ನು ಕೇಳಿದೆ. ಹೇಳುತ್ತೇನೆ ಎಂದಳು. ಅವಳ ಅಪ್ಪ ಬಿಡಲಿಲ್ಲ. ಹುಡುಗಿ ತಾನೇ ನೋಡಿಯೂ ಹಾರಿದಳು ಎಂದಾದರೆ ತಪ್ಪು ಅವಳ ತಲೆಗೇ ಬರುತ್ತದೆ ಎಂದರಂತೆ. ತಂದೆಯಾಗಿ ಅವರು ಅಂದದ್ದು ಸರಿ. ಹೀಗೆ ಎಲ್ಲರದೂ ಅವರವರ ಲೆಕ್ಕಕ್ಕೆ ಸರಿಯಾಗಿ, ಉಳಿದದ್ದು ನನ್ನ ಪಾಲಿಗೆ ಬಂತು. ನಿವೇದಾ ಮತ್ತೆ ಹಾರಲಿಲ್ಲ. ಈಗ ತಿರುಪ್ಪೂರಿನಲ್ಲಿ ಅಪ್ಪನ ಕಂಪನಿ ನೋಡಿಕೊಳ್ಳುತ್ತಾಳೆ. ದೀಪಾವಳಿಗೆ ಫೋನು ಮಾಡುತ್ತಾಳೆ, ಆ ದಿನದ ಮಾತು ಇಬ್ಬರೂ ಎತ್ತುವುದಿಲ್ಲ.

ನನ್ನನ್ನು ಕೆಲಸದಿಂದ ತೆಗೆಯಲಿಲ್ಲ. ದೊಡ್ಡ ಮನಸ್ಸು ಮಾಡಿದ್ದೇವೆ ಎಂದರು ಮ್ಯಾನೇಜರ್. ಮನೆಯಲ್ಲಿ ಒಲೆ ಉರಿಯಿತು, ಅದಕ್ಕೂ ತಾಯಿಗೆ ಕೈ ಮುಗಿದೆ. ಆದರೆ ವಿಮಾನದ ಮೈ ಮುಟ್ಟಬಾರದು ಎಂದರು. ಸೀಟಿನ ಕವರು, ಕಿಟಕಿಯ ಪರದೆ, ಧೂಳು ತಡೆಯುವ ಮುಸುಕು, ಇಷ್ಟೇ ಇನ್ನು ನನ್ನ ಹೊಲಿಗೆ. ಮೊದಲ ದಿನ ಯಾವುದಕ್ಕೆ ಎಂದುಕೊಂಡು ಬಂದಿದ್ದೆನೋ ಅದಕ್ಕೇ ಮರಳಿದೆ. ರೆಕ್ಕೆಯ ಕೆಲಸಕ್ಕೆ ಬೇರೆಯವರು ಬಂದರು. ಕಾಲವೂ ಬದಲಾಯಿತು. ಹತ್ತಿ ಬಟ್ಟೆ ಹೋಗಿ ಪಾಲಿಯೆಸ್ಟರ್ ಬಂತು. ಇಸ್ತ್ರಿಪೆಟ್ಟಿಗೆ ಎಳೆದರೆ ತಾನೇ ಬಿಗಿಯುವ ಬಟ್ಟೆ. ಆಮೇಲೆ ಬಟ್ಟೆಯೇ ಇಲ್ಲದ ಅಲ್ಯೂಮಿನಿಯಂ ವಿಮಾನಗಳು ಬಂದವು. ನನ್ನ ಉದ್ದ ಸೂಜಿ ತುಕ್ಕು ಹಿಡಿಯಿತು.

ಒಂದು ಮಾತ್ರ ಹೇಳಬೇಕು. ರೆಕ್ಕೆಯ ಕೆಳಗೆ ಗಾಳಿ ಹಿಡಿದು ವೇಗ ತೋರಿಸುವ ಒಂದು ಸಣ್ಣ ನಳಿಗೆ ಇರುತ್ತದೆ. ಕಣಜ ಬಂದು ಮಣ್ಣು ಮೆತ್ತದಿರಲಿ ಎಂದು ನಿಲ್ಲಿಸಿದಾಗ ಅದಕ್ಕೆ ಕೆಂಪು ಬಟ್ಟೆಯ ಟೋಪಿ ಹಾಕುತ್ತಾರೆ. ಹಾರುವ ಮೊದಲು ತೆಗೆಯಬೇಕು. ಯಾರೂ ಮರೆಯದಿರಲಿ ಎಂದು ನಾನು ಅದಕ್ಕೆ ಮೊಣಕಾಲುದ್ದ ಕೆಂಪು ಬಾಲ ಹೊಲಿದುಕೊಟ್ಟಿದ್ದೆ. ಹಾಗಿದ್ದರೂ ಒಂದು ದಿನ ಹಾರಾಟ ಕಲಿಸುವ ದೊಡ್ಡ ಸಾರೇ ಅದನ್ನು ತೆಗೆಯದೆ ಹಾರಿಬಿಟ್ಟರು. ವೇಗದ ಮುಳ್ಳು ಸತ್ತುಬಿದ್ದಿತ್ತು, ಕೆಂಪು ಬಾಲ ಪಟಪಟ ಬಡಿಯುತ್ತಿತ್ತು. ಒಂದು ಸುತ್ತು ಹಾಕಿ ಹೇಗೋ ಇಳಿದರು. ಶೆಡ್ಡಿನಲ್ಲಿ ಎಲ್ಲರೂ ನಕ್ಕರು, ಅವರೂ ನಕ್ಕರು, ಟೀ ತರಿಸಿದರು. ವಿಚಾರಣೆ ಎಂಬ ಮಾತೇ ಇಲ್ಲ. ದೊಡ್ಡ ಸಾರ್ ಮರೆತರೆ ಅದು ತಮಾಷೆ. ನಾನು ಮರೆಯದೆ ಹೇಳಿದ್ದು ಅಪರಾಧ.

ನಿವೃತ್ತಿಯ ದಿನ ನನಗೆ ಗಂಧದ ಹಾರ ಹಾಕಿದರು. ಹಿಂದಿನಿಂದ ಯಾರೋ, “ಸಂದನ ಅಂದ್ರೆ ಈ ಅಮ್ಮನಿಗೆ ಮೊದಲಿಂದ ತುಂಬಾ ಇಷ್ಟ!” ಎಂದರು. ನಗು ಎದ್ದಿತು. ನಾನೂ ನಕ್ಕೆ, ಸೌಮ್ಯ ಕ್ಲಾಸಿನಲ್ಲಿ ನಕ್ಕ ಹಾಗೆ. ಹಾರವನ್ನು ಮನೆಗೆ ತಂದು ದೇವಿಯ ಪಟಕ್ಕೆ ಹಾಕಿದೆ. ತಾಯಿಗೆ ಯಾವುದೂ ಅಂಟುವುದಿಲ್ಲ.

ರಂಗಸಾಮಿಯಣ್ಣ ನನಗಿಂತ ಮೊದಲೇ ನಿವೃತ್ತರಾಗಿದ್ದರು. ಈಚೆಗೆ ಕಳೆದ ಆಯುಧ ಪೂಜೆಯ ದಿನ ಬೆಳಿಗ್ಗೆ ನಮ್ಮ ಬಾಗಿಲಲ್ಲಿ ಮೊಪೆಡ್ ನಿಂತ ಸದ್ದಾಯಿತು. ನೋಡಿದರೆ ಅವರೇ. ತಲೆ ಪೂರ್ತಿ ಬೆಳ್ಳಗಾಗಿತ್ತು. ಮೊಪೆಡ್ ಹೊಸದು, ಸೀಟಿನ ಪ್ಲಾಸ್ಟಿಕ್ಕು ಇನ್ನೂ ತೆಗೆದಿರಲಿಲ್ಲ.

“ಮಗ ತೆಗೆದುಕೊಟ್ಟ ಅಮ್ಮಿಣಿ. ನಿಮ್ಮ ಕೈರಾಸಿ ಒಳ್ಳೇದು. ಒಂದು ಪೊಟ್ಟು ಇಟ್ಟುಕೊಡಿ, ಆಮೇಲೆ ಓಡಿಸ್ತೀನಿ.”

ಒಳಗೆ ಕರೆದು ಕಾಫಿ ಕೊಟ್ಟೆ. ಮಕ್ಕಳ ಮಾತು, ಮೊಮ್ಮಕ್ಕಳ ಮಾತು, ಅವರ ತೋಟದ ಬಾವಿಯ ಮಾತು. ಲೋಟ ಕೆಳಗಿಟ್ಟ ಮೇಲೆ ಸ್ವಲ್ಪ ಹೊತ್ತು ದೇವಿಯ ಪಟದ ಗಂಧದ ಹಾರವನ್ನು ನೋಡುತ್ತಾ ಕುಳಿತರು. ಈಗ ಹೇಳುತ್ತಾರೆ ಎಂದುಕೊಂಡೆ. ಬೇರೆ ಯಾರ ಮುಂದೂ ಬೇಡ, ಈ ನಾಲ್ಕು ಗೋಡೆಯ ಒಳಗೆ, ನಮ್ಮ ಮಾತಿನಲ್ಲಿ, ಅಂದು ನೀವು ಹೇಳಿದ್ದಿರಿ ಅಮ್ಮಿಣಿ ಎಂದು ಒಂದು ಮಾತು ಅಂದರೆ ಸಾಕಿತ್ತು. ಅಷ್ಟಕ್ಕೇ ಎಲ್ಲವನ್ನೂ ಬಿಟ್ಟುಬಿಡಲು ನಾನು ಸಿದ್ಧಳಿದ್ದೆ.

“ಹೊತ್ತಾಯ್ತು, ಪೂಜೆ ಮುಗಿಸಿಬಿಡಿ,” ಎಂದು ಎದ್ದರು.

ಬಟ್ಟಲಲ್ಲಿ ಗಂಧ ಕಲಸಿ ಹೊರಗೆ ತಂದೆ. ಹೆಬ್ಬೆರಳನ್ನು ಅದ್ದಿ ಮೊಪೆಡ್ಡಿನ ಹತ್ತಿರ ಬಂದೆ. ನಾನು ಬಗ್ಗುವ ಮೊದಲೇ ರಂಗಸಾಮಿಯಣ್ಣನ ಕೈ ಮುಂದೆ ಬಂತು. ಪೆಟ್ರೋಲ್ ಟ್ಯಾಂಕಿನ ಮುಚ್ಚಳದ ಮೇಲೆ ಅಂಗೈ ಊರಿ ಅದನ್ನು ಮುಚ್ಚಿಕೊಂಡು ನಿಂತರು.

“ಇಲ್ಲಿಗೆ ಮಾತ್ರ ಬೇಡ ಅಮ್ಮಿಣಿ,” ಎಂದರು. ತಮಾಷೆಗೆ ಅಂದದ್ದಲ್ಲ. ಮಗುವಿಗೆ ಹೇಳುವ ಹಾಗೆ, ಮೆಲ್ಲಗೆ, ಅಂತಃಕರಣದಿಂದ ಹೇಳಿದರು.

ನಾನು ಅವರ ಮುಖ ನೋಡಿದೆ. ಅಲ್ಲಿ ಸುಳ್ಳು ಇರಲಿಲ್ಲ, ನಾಚಿಕೆಯೂ ಇರಲಿಲ್ಲ. ಅಂದು ಇಟ್ಟವಳು ನಾನೇ ಎಂದು ಅವರು ನಂಬಿಬಿಟ್ಟಿದ್ದರು. ಅಷ್ಟು ವರ್ಷ ಹೇಳಿ ಹೇಳಿ, ಆ ದಿನ ಕೈ ಹಿಡಿದು ಇಳಿಸಿದ್ದನ್ನು ಅವರ ಕೈಯೇ ಮರೆತಿತ್ತು. ನಿಜ ಗೊತ್ತಿದ್ದ ಒಬ್ಬ ಮನುಷ್ಯ ಈ ಊರಿನಲ್ಲಿ ಇದ್ದಾನೆ ಎಂದುಕೊಂಡು ಇಷ್ಟು ದಿನ ಇದ್ದೆ. ಅವರೂ ಇರಲಿಲ್ಲ.

ಕುಕ್ಕರಗಾಲಿನಲ್ಲಿ ಕೂತು ಮುಂದಿನ ಗಾಲಿಗೆ ಬೊಟ್ಟು ಇಟ್ಟೆ, ಯಾವಾಗಲೂ ಇಡುತ್ತಿದ್ದ ಜಾಗಕ್ಕೆ. ನಾನು ಎದ್ದು ನಿಲ್ಲುವವರೆಗೂ ಅವರು ಮುಚ್ಚಳದ ಮೇಲಿನ ಕೈ ತೆಗೆಯಲಿಲ್ಲ.